ನರಶರೀರಕ್ರಿಯಾ ತಂತ್ರಜ್ಞರ ಆರಂಭಿಕ ತರಬೇತಿ

ಮಿದುಳು, ನರ, ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವವರಿಗೆ ಕೊಡುವ ಮೊದಲ ಹಂತದ ಶಿಕ್ಷಣ. ಕರ್ನಾಟಕದಲ್ಲಿ ಇದರ ಮುಖ್ಯ ನೆಲೆ ಬೆಂಗಳೂರಿನ ನಿಮ್ಹಾನ್ಸ್. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ರಾಜ್ಯದ ಮಾನಸಿಕ ಆಸ್ಪತ್ರೆ 1974ರಲ್ಲಿ ಒಂದಾಗಿ ಈ ಸಂಸ್ಥೆ ರೂಪುಗೊಂಡಿತು.

ಕಲಿಕೆ ಸಾಮಾನ್ಯವಾಗಿ ಇಇಜಿಯಿಂದ, ಅಂದರೆ ಮಿದುಳಿನ ಅಲೆಗಳ ದಾಖಲೆಯಿಂದ, ಶುರುವಾಗುತ್ತದೆ. ಮನುಷ್ಯನ ಮಿದುಳಿನ ಅಲೆಗಳನ್ನು ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲು ದಾಖಲಿಸಿ 1929ರಲ್ಲಿ ಪ್ರಕಟಿಸಿದ. ಇಂದಿನ ವಿದ್ಯಾರ್ಥಿ ಮೊದಲು ಹಿಡಿಯುವುದು ಅಳತೆ ಟೇಪನ್ನು: ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಅಳೆದು, ಆ ದೂರದ ಶೇ. 10 ಮತ್ತು 20ರ ಅಂತರಗಳಲ್ಲಿ ಗುರುತು ಹಾಕಬೇಕು. ನೆತ್ತಿಗೆ ಎಣ್ಣೆ ಹಚ್ಚಿಕೊಂಡು ಬಂದವರಿಗೆ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ತಲೆ ತೊಳೆದು ಬರುವಂತೆ ಮೊದಲೇ ತಿಳಿಸುವುದೂ ಪಾಠದ ಭಾಗವೇ. ಕಣ್ಣು ಮುಚ್ಚಿದಾಗ ತಲೆಯ ಹಿಂಭಾಗದಲ್ಲಿ ಕಾಣುವ, ಸೆಕೆಂಡಿಗೆ 8ರಿಂದ 13 ಆವರ್ತದ ಆಲ್ಫಾ ಲಯವನ್ನು ಗುರುತಿಸುವುದು ಸುಲಭ. ಕಷ್ಟವಿರುವುದು ಕಣ್ಣು ಮಿಟುಕು, ದವಡೆ ಬಿಗಿತ, 50 ಹರ್ಟ್ಸ್‌ನ ಕರೆಂಟಿನ ಗದ್ದಲಗಳನ್ನು ಮಿದುಳಿನ ಅಲೆಗಳಿಂದ ಬೇರ್ಪಡಿಸುವುದರಲ್ಲಿ. ಇಲ್ಲಿ ಪುಸ್ತಕಕ್ಕಿಂತ ಪಳಗಿದ ಕಣ್ಣೇ ಹೆಚ್ಚು ಕಲಿಸುತ್ತದೆ.

ನರವಹನ ಪರೀಕ್ಷೆ ನಂತರದ್ದು. ಕೈ ತಣ್ಣಗಿದ್ದರೆ ಆರೋಗ್ಯವಂತ ನರವೂ ನಿಧಾನವಾಗಿ ತೋರುವುದರಿಂದ ಚರ್ಮದ ಉಷ್ಣತೆ ನೋಡುವುದು ಕಡ್ಡಾಯ.

ಮೈಸೂರು ನಗರದಲ್ಲಿ ಈ ತರಬೇತಿಯ ಒಂದು ಶಾಖೆ ಶ್ರವಣವಿಜ್ಞಾನದೊಳಗೆ ಸೇರಿಕೊಂಡಿದೆ. 1965ರಲ್ಲಿ ಸ್ಥಾಪನೆಯಾದ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ವಿದ್ಯಾರ್ಥಿಗಳು ಶ್ರವಣ ಮಿದುಳುಕಾಂಡ ಪ್ರತಿಕ್ರಿಯೆಯ ಪರೀಕ್ಷೆ ಕಲಿಯುತ್ತಾರೆ. ಕಿವಿಗೆ ಸದ್ದು ಬಿದ್ದ ಮೊದಲ 10 ಮಿಲಿಸೆಕೆಂಡುಗಳಲ್ಲಿ ಮೂಡುವ ಈ ಅಲೆಗಳನ್ನು ಮಲಗಿರುವ ಹಸುಗೂಸಿನಲ್ಲೂ ದಾಖಲಿಸಬಹುದು.