ಬ್ಯಾಸ್ರ ಆಗೋದು, ಬ್ಯಾಸ್ರ ಮಾಡ್ಕೊಳ್ಳೋದು

ಕಾನಹೊಸಹಳ್ಳಿಯಲ್ಲಿ ಒಂದು ದಿನ ಕಿವಿ ತೆರೆದು ಓಡಾಡಿದರೆ ‘ಬ್ಯಾಸ್ರ’ ಎಂಬ ಮಾತು ಹತ್ತು ಕಡೆ ಕೇಳುತ್ತದೆ. ಕೂಡ್ಲಿಗಿ ಬಸ್ಸಿಗೆ ಕಾದು ಕಾದು ಬ್ಯಾಸ್ರ. ಶೇಂಗಾ ಹೂವಾಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಬ್ಯಾಸ್ರ. ಕೊಟ್ಟೂರು ತೇರಿಗೆ ಮಗಳನ್ನು ಕರೆಯಲು ತವರಿನಿಂದ ಯಾರೂ ಬರದಿದ್ದರೆ ಬ್ಯಾಸ್ರ. ಕೈಗಡ ಕೇಳಲು ಬಂದವನನ್ನು ಬರಿಗೈಲಿ ಕಳಿಸುವಾಗಲೂ ‘ಬ್ಯಾಸ್ರ ಮಾಡ್ಕಬ್ಯಾಡಣ್ಣ’ ಎಂದೇ ಬೀಳ್ಕೊಡುವುದು. ಇಷ್ಟೆಲ್ಲಕ್ಕೂ ಒಂದೇ ಮಾತು ಸಾಕಾಗುತ್ತದೆ ಎಂದರೆ ಅದು ಬಡ ಮಾತಲ್ಲ, ಬಹಳ ದುಡಿಯುವ ಮಾತು.

ಹಳಗನ್ನಡದಲ್ಲಿ ಇದು ‘ಬೇಸಱ್’. ದಣಿವು, ಸಾಕುಸಾಕಾಗುವುದು ಎಂಬ ಅರ್ಥ. ತೆಲುಗಿನ ‘ವೇಸಟ’ ಇದರ ಬಳಗದ್ದೇ. ಅವಳಿಯಂತೆ ಕಾಣುವ ‘ಬೇಜಾರು’ ಮಾತ್ರ ಪಾರ್ಸಿಯಿಂದ ಉರ್ದು ದಾಟಿ ಬಂದದ್ದು. ಬೇರೆ ಬೇರೆ ಮನೆಯಲ್ಲಿ ಹುಟ್ಟಿ ಒಂದೇ ಓಣಿಗೆ ಬಂದು ಸೇರಿದ್ದಾವೆ.

ನನಗೆ ಕುತೂಹಲ ಹುಟ್ಟಿಸುವುದು ಮಾತಿನ ಹುಟ್ಟಲ್ಲ, ಅದರ ಹಿಂದೆ ಬರುವ ಕ್ರಿಯಾಪದ. ಸಂಕಟದಲ್ಲಿರುವವಳು ‘ನಂಗ ಬ್ಯಾಸ್ರ ಆಗೈತಿ’ ಎನ್ನುತ್ತಾಳೆ. ಜ್ವರ ಬಂದಂತೆ, ಹಸಿವಾದಂತೆ, ತಾನು ಕರೆಯದೆ ಬಂದು ಕೂತದ್ದು ಎಂಬ ಲೆಕ್ಕ. ಕೇಳಿದವರ ಉತ್ತರ ಏನು? ‘ಬ್ಯಾಸ್ರ ಮಾಡ್ಕಬ್ಯಾಡ ಸುಮ್ಕಿರು.’ ಆಡಿದವರ ಮನಸ್ಸಿನಲ್ಲಿ ಪ್ರೀತಿಯೇ ಇರಬಹುದು. ಆದರೆ ‘ಆಗು’ ಹೋಗಿ ‘ಮಾಡಿಕೊ’ ಬಂತು. ತಾನಾಗಿ ಬಂದದ್ದು ಅವಳೇ ಮಾಡಿಕೊಂಡದ್ದಾಯಿತು. ಜ್ವರ ಬಂದವರಿಗೆ ‘ಜ್ವರ ಮಾಡ್ಕಬ್ಯಾಡ’ ಎಂದು ಯಾರೂ ಹೇಳುವುದಿಲ್ಲ. ಬ್ಯಾಸ್ರ ಆದವರಿಗೆ ಎಲ್ಲರೂ ಹೇಳುತ್ತಾರೆ. ಅವರು ಎರಡನೇ ಸಲ ಬಾಯಿ ಬಿಡದೇ ಇರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಗುಮಾನಿ.

ಆರೋಗ್ಯ ಇಲಾಖೆಯ ಗೋಡೆಬರಹದಲ್ಲಿ ಇರುವುದು ‘ಖಿನ್ನತೆ’. ಸಂಸ್ಕೃತದ ಈ ಮಾತಿಗೆ ‘ಒಳಗಾಗು’ ಎಂಬ ಕ್ರಿಯಾಪದವೇ ಗಟ್ಟಿ, ಹಾಗಾಗಿ ‘ಖಿನ್ನತೆಗೆ ಒಳಗಾದವರು’ ಎಂದು ಬರೆಯುತ್ತೇವೆ, ಓದುತ್ತೇವೆ. ಆಡುವುದು ಮಾತ್ರ ಇಲ್ಲ. ಪಿಯುಸಿ, ಡಿಗ್ರಿ ಓದುವ ಹುಡುಗರು ‘ಅವ್ನು ಡಿಪ್ರೆಶನ್‌ಗೆ ಹೋಗ್ಯಾನ’ ಎನ್ನುತ್ತಾರೆ, ಹೊಸಪೇಟೆಗೋ ಚಿತ್ರದುರ್ಗಕ್ಕೋ ಹೋದವರ ಹಾಗೆ. ನನಗೆ ಈ ಬಳಕೆ ಇಷ್ಟ. ಹೋದವನು ತಿರುಗಿ ಬರಬಹುದು ಎಂಬ ದಾರಿಯನ್ನಾದರೂ ಅದು ತೆರೆದಿಟ್ಟಿದೆ. ಇಷ್ಟವಾಗದ್ದು ಪತ್ರಿಕೆಗಳ ‘ಜೀವನದಲ್ಲಿ ಜಿಗುಪ್ಸೆಗೊಂಡು’. ಪೊಲೀಸ್ ಠಾಣೆಯ ಬರಹದಿಂದ ನೇರ ಸುದ್ದಿಗೆ ಇಳಿದ ಈ ಪದಗುಚ್ಛ ಸಾವಿನ ಮೇಲೆ ಮುದ್ರೆ ಒತ್ತಿ ಕಡತ ಮುಚ್ಚುತ್ತದೆ. ಆ ಜಿಗುಪ್ಸೆ ಆರು ತಿಂಗಳ ಹಿಂದೆ ‘ಯಾಕೋ ಬ್ಯಾಸ್ರ’ ಎಂದು ಶುರುವಾಗಿತ್ತೇ, ಯಾರಾದರೂ ಕೇಳಿಸಿಕೊಂಡಿದ್ದರೇ, ಅದೆಲ್ಲ ಆ ಸಾಲಿನಲ್ಲಿ ಇಲ್ಲ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ಒಂದೇ ಸಾಲು. ರೈತರು ಅದರಲ್ಲಿ ಮಳೆ ಬೆಳೆ ಕಾಣುತ್ತಾರೆ, ರಾಜಕೀಯದವರು ಕುರ್ಚಿ ಕಾಣುತ್ತಾರೆ. ‘ಬ್ಯಾಸ್ರ’ದ ಪಾಡೂ ಅದೇ. ಅತ್ತೆಗೆ ಅದು ಮೈಗಳ್ಳತನ, ಗಂಡನಿಗೆ ಹಟ, ಓಣಿಯವರಿಗೆ ಗಾಳಿ ಸೋಂಕು, ಅವಸರದ ವೈದ್ಯರಿಗೆ ಗ್ಯಾಸ್ಟ್ರಿಕ್. ಕಾರಣಿಕ ನುಡಿದ ಗೊರವಯ್ಯನನ್ನು ಅರ್ಥ ಕೇಳುವ ರೂಢಿ ಇಲ್ಲ, ಸರಿ. ಬ್ಯಾಸ್ರ ಎಂದವಳನ್ನು ಕೇಳಬಹುದಲ್ಲ?

ಕೇಳಬೇಕಾದ್ದು ಬಹಳ ಇಲ್ಲ. ಎಷ್ಟು ದಿನದಿಂದ? ದಿನದ ಬಹುಪಾಲು ಹೊತ್ತು ಹಾಗೇ ಇರುತ್ತದೆಯೇ? ಮೊದಲು ಹಿಡಿಸುತ್ತಿದ್ದದ್ದು ಈಗಲೂ ಹಿಡಿಸುತ್ತದೆಯೇ? ಎರಡು ವಾರ ದಾಟಿದ ಮೇಲೂ ದಿನಾಲೂ ಮನಸ್ಸು ಕುಸಿದೇ ಇದ್ದರೆ, ಇಲ್ಲವೇ ಯಾವುದರ ಮೇಲೂ ಮನಸ್ಸಿಲ್ಲದೆ, ನಿದ್ದೆ ಊಟ ಕೆಟ್ಟು, ಕೈಕಾಲು ಸೋತು, ‘ನಾನಿದ್ದೇನು ಫಲ’ ಎಂಬ ಯೋಚನೆ ಸುತ್ತತೊಡಗಿದರೆ ಅದು ವೈದ್ಯರು ನೋಡಬೇಕಾದ ಕಾಯಿಲೆ. ಬಸ್ಸಿನ ಬ್ಯಾಸ್ರ ಬಸ್ಸು ಬಂದ ಕೂಡಲೇ ಹೋಗುತ್ತದೆ. ಇದು ಮಳೆ ಬಂದರೂ, ಸಾಲ ತೀರಿದರೂ, ಮಗಳು ತವರಿಗೆ ಹೋಗಿ ಬಂದರೂ ಹೋಗದೇ ಇರಬಹುದು. ‘ಜೀವ ಬ್ಯಾಡಾಗೈತಿ’ ಎಂಬ ಮಾತು ಬಂದರಂತೂ ನೇರವಾಗಿಯೇ ಕೇಳಬೇಕು: ಸಾಯೋ ಯೋಚನೆ ಬರ್ತೈತೇನು? ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಬರೀ ಭಯ.

ಇಂಥ ಪ್ರಶ್ನೆಗಳನ್ನು ಹಳ್ಳಿಯ ದವಾಖಾನೆಯಲ್ಲೇ ಕೇಳಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟ ಸೀಮೆ ಇದೇ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತನ್ನ ಪ್ರಯೋಗಕ್ಕೆ ಆರಿಸಿಕೊಂಡದ್ದು ಅಂದಿನ ಬಳ್ಳಾರಿ ಜಿಲ್ಲೆಯನ್ನು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲವೂ ಆಗ ಅದರೊಳಗೇ. ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನ ಊರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ, ಬೆರಳೆಣಿಕೆಯ ಔಷಧಿ, ಸರಳ ದಾಖಲೆ, ಬೆನ್ನಿಗೆ ಜಿಲ್ಲಾ ಮಟ್ಟದ ಮನೋವೈದ್ಯರು. ಇಷ್ಟೇ ಬಂಡವಾಳ. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ದೇಶದ ಕಡತಗಳಲ್ಲಿ ಅದು ‘ಬಳ್ಳಾರಿ ಮಾದರಿ’. ನಮ್ಮಲ್ಲಿ ಬಳ್ಳಾರಿ ಎಂದರೆ ಗಣಿಯ ಮಾತೇ ಹೊರತು ಈ ಮಾತು ಬರುವುದೇ ಇಲ್ಲ.

ಹಾಗೆಂದು ಕೆಲಸ ಮುಗಿದಿಲ್ಲ. ಕೂಗಾಡುವ, ಮೂರ್ಛೆ ಬೀಳುವ ಕಾಯಿಲೆ ಕಣ್ಣಿಗೆ ಬೀಳುತ್ತದೆ, ಮನೆಯವರೇ ಕರೆತರುತ್ತಾರೆ. ಬ್ಯಾಸ್ರ ಹಿಡಿದವರು ಒಲೆ ಹಚ್ಚುತ್ತಲೇ, ಕಳೆ ಕೀಳುತ್ತಲೇ ಇರುತ್ತಾರೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 20 ವಯಸ್ಕರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಕಾಡಿರುತ್ತದೆ. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ತೊಂದರೆ ಇರುವವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಬ್ಯಾಸ್ರಕ್ಕೆ ಇನ್ನೊಂದು ಕ್ರಿಯಾಪದವಿದೆ, ‘ಕಳೆ’. ಬ್ಯಾಸ್ರ ಕಳೆಯೋಕೆ ಟಿವಿ, ಮೊಬೈಲು, ಕಟ್ಟೆ ಮೇಲಿನ ಹರಟೆ. ಕೆಲವರಿಗೆ ಕ್ವಾರ್ಟರು ಕೂಡ, ಅದು ಮಾರನೇ ದಿನಕ್ಕೆ ಇಮ್ಮಡಿ ಮಾಡಿ ವಾಪಸು ಕೊಡುತ್ತದೆ. ಕಾಯಿಲೆಯ ಬ್ಯಾಸ್ರ ಒಂದು ಸಿನಿಮಾಕ್ಕೆ ಕಳೆಯುವುದಿಲ್ಲ. ಆದರೆ ಸಣ್ಣ ಕೆಲಸಗಳಿಗೆ ಸ್ವಲ್ಪ ಜಗ್ಗುತ್ತದೆ. ಮನಸ್ಸು ಬಂದ ಮೇಲೆ ಏಳುತ್ತೇನೆ ಎಂದು ಕಾಯುವ ಬದಲು, ಮನಸ್ಸಿಲ್ಲದಿದ್ದರೂ ಎದ್ದು ಮುಖ ತೊಳೆಯುವುದು, ಹೊಲದ ಬದುವಿನವರೆಗೆ ನಡೆಯುವುದು, ಹೊತ್ತಿಗೆ ಸರಿಯಾಗಿ ಮಲಗುವುದು. ಹೇಳುವುದು ಸುಲಭ, ತಂಬಿಗೆ ಎತ್ತುವುದೂ ಗುಡ್ಡ ಎತ್ತಿದಂತಾಗುವ ದಿನಗಳಿರುತ್ತವೆ. ಆಗ ಮನೆಯವರು ‘ಎದ್ದು ಓಡಾಡು’ ಎಂದು ಕೂತಲ್ಲಿಂದ ಹೇಳದೆ ಜೊತೆಗೆ ನಡೆದರೆ ಅದೇ ದೊಡ್ಡ ಉಪಕಾರ. ರಕ್ತ ಕಡಿಮೆಯೇ, ಥೈರಾಯ್ಡ್ ತೊಂದರೆಯೇ ಎಂಬುದನ್ನೂ ನೋಡಿಸಬೇಕು, ಅವೂ ಇದೇ ವೇಷದಲ್ಲಿ ಬರುತ್ತವೆ. ವೈದ್ಯರು ಗುಳಿಗೆ ಬರೆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ‘ಎಂಟು ದಿನ ನುಂಗಿದೆ, ಏನೂ ಆಗಲಿಲ್ಲ’ ಎಂದು ಬಿಡುವವರೇ ಜಾಸ್ತಿ. ಹಗುರಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು, ನಿಲ್ಲಿಸುವುದು ವೈದ್ಯರನ್ನು ಕೇಳಿಯೇ.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ಜೊತೆಗೆ ಒಬ್ಬರು ಹೋಗಿ. ಒಳಗೆ ಕೂತ ಮೇಲೆ ಮಾತ್ರ ‘ಏನಿಲ್ಲ ಡಾಕ್ಟ್ರೇ, ಸುಮ್ನೆ ಯೋಚ್ನಿ ಮಾಡ್ತಾಳ’ ಎಂದು ಜೊತೆಗೆ ಹೋದವರೇ ಶುರು ಮಾಡಬೇಡಿ.