ನೀಲಿ ಡ್ರಮ್ಮಿನ ಎದೆಕವಚ: ತೊಗಲು, ಹಾಳೆ, ಪ್ಲಾಸ್ಟಿಕ್ಕಿನ ಒಂದು ಚರಿತ್ರೆ

ಹುಟ್ಟುವಾಗಲೇ ಮೈಮೇಲೆ ಕವಚ ತೊಟ್ಟು ಬಂದವನು ಕರ್ಣ ಒಬ್ಬನೇ. ಉಳಿದವರೆಲ್ಲ ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಂಡವರು. ಯಾರಿಗೆ ಏನು ಸಿಕ್ಕಿತು, ಅದನ್ನು ಹೇಗೆ ಬಗ್ಗಿಸಿದರು ಎನ್ನುವುದೇ ಕವಚದ ಚರಿತ್ರೆ. ಆ ಚರಿತ್ರೆಯ ಇತ್ತೀಚಿನ ಪುಟದಲ್ಲಿ, ನಮ್ಮ ಆಲ್ದೂರಿನ ಕಡೆ ಹಿತ್ತಲಲ್ಲಿ ನೀರು ತುಂಬಿಡುವಂಥ ನೀಲಿ ಪ್ಲಾಸ್ಟಿಕ್ ಡ್ರಮ್ ಕೂಡ ಇದೆ. ನಗಬೇಡಿ, ಮುಂದೆ ಓದಿ.

ಕಲ್ಲಿನಲ್ಲಿ ನಿಂತವರು

ಹೊಯ್ಸಳರ ಮೂಲ ಊರು ಎನ್ನುವ ಸೊಸೆವೂರು ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ನಮಗೆ ದೂರವೇನಲ್ಲ. ನಮ್ಮ ಜಿಲ್ಲೆಯ ವೀರಗಲ್ಲುಗಳನ್ನು ನೋಡಿ. ತರೀಕೆರೆ ಕಡೆ ಹೋದರೆ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ, ಅಲ್ಲಿನ ರಾಮಾಯಣ, ಮಹಾಭಾರತದ ಫಲಕಗಳನ್ನೂ ನೋಡಿ. ವೀರರ ಕೈಯಲ್ಲಿ ಕತ್ತಿ, ಗುರಾಣಿ, ಬಿಲ್ಲು ಇವೆ. ಮೈಮೇಲೆ ಒಡವೆ ಇದೆ. ಉಕ್ಕಿನ ಅಂಗಿ ಮಾತ್ರ ಕಾಣುವುದು ಅಪರೂಪ. ಶಿಲ್ಪಿ ಅಂದಕ್ಕಾಗಿ ಹಾಗೆ ಕೆತ್ತಿರಲೂಬಹುದು. ಆದರೂ ಈ ಮಳೆ, ಈ ಸೆಕೆಯಲ್ಲಿ ಮೈತುಂಬ ಕಬ್ಬಿಣ ಹೊತ್ತು ಗುಡ್ಡ ಹತ್ತುವುದು ಯಾರಿಗೂ ಸುಲಭವಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ಕೃಷ್ಣದೇವರಾಯನ ಸೈನ್ಯದ ಮೆರವಣಿಗೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಕುದುರೆ ಸವಾರರ ಅಂಗಿ ಹೊರಗಿನಿಂದ ಮಖಮಲ್ಲು, ರೇಷ್ಮೆ. ಒಳಗೆ ಗಟ್ಟಿ ತೊಗಲಿನ ಪದರಗಳು, ಅದಕ್ಕೆ ಕಬ್ಬಿಣದ ತಗಡು. ಟಿಪ್ಪುವಿನ ಕಾಲಕ್ಕೆ ಬಂದರೆ ಬಟ್ಟೆಯನ್ನು ಪದರ ಪದರವಾಗಿ ದಪ್ಪಗೆ ಹೊಲಿದ ಅಂಗಿ, ಶಿರಸ್ತ್ರಾಣಗಳು ಸಿಗುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಂಥವು ಬ್ರಿಟನ್ನಿಗೆ ಹೋದವು, ಈಗಲೂ ಅಲ್ಲಿನ ಸಂಗ್ರಹಗಳಲ್ಲಿವೆ.

ಇಲ್ಲಿ ಒಂದು ವಿಷಯ ಗಮನಿಸಿ. ಒಳ್ಳೆಯ ಕವಚಕ್ಕೆ ಎರಡು ಕೆಲಸ. ಹೊರಗಿನ ಗಟ್ಟಿ ಪದರ ಅಲಗನ್ನು ತಡೆಯಬೇಕು. ಒಳಗಿನ ಮೆತ್ತನೆಯದು ಪೆಟ್ಟನ್ನು ನುಂಗಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಗಾಯ ತಪ್ಪದು.

ಬಿಸಿನೀರಿನ ವಿದ್ಯೆ

ಮಧ್ಯಯುಗದ ಯೂರೋಪಿನಲ್ಲಿ ಉಕ್ಕಿಗೆ ದುಡ್ಡಿಲ್ಲದವರು, ಹಗುರ ಬೇಕೆಂದವರು ತೊಗಲಿನ ಮೊರೆ ಹೋಗುತ್ತಿದ್ದರು. ಹದ ಮಾಡಿದ ತೊಗಲನ್ನು ನೀರಿನಲ್ಲಿ ನೆನೆಸಿ, ಬಿಸಿ ಕೊಟ್ಟು, ಅಚ್ಚಿನ ಮೇಲೆ ಒತ್ತಿ ಒಣಗಿಸಿದರೆ ಅದು ಮರದ ಹಾಗೆ ಬಿರುಸಾಗುತ್ತದೆ.

ಇದೇನು ಹೊಸದು ಎಂದು ನಮ್ಮ ಅಡಿಕೆ ತೋಟದವರು ಕೇಳಬಹುದು. ಬಿದ್ದ ಹಾಳೆಯನ್ನು ನೆನೆಸಿದರೆ ಬಾಗುತ್ತದೆ, ಮಡಚಿ ಕಟ್ಟಿ ಒಣಗಿಸಿದರೆ ಟೋಪಿಯಾಗಿ ನಿಲ್ಲುತ್ತದೆ. ತಲೆ ಮೇಲೆ ಹೊರೆ ಹೊರುವವರಿಗೆ ಅದೇ ಕವಚ.

ಪ್ಲಾಸ್ಟಿಕ್ ಕೂಡ ಇದೇ ಜಾತಿಗೆ ಹತ್ತಿರ, ಆದರೆ ಅದಕ್ಕೆ ನೀರು ಬೇಕಿಲ್ಲ, ಬಿಸಿ ಸಾಕು. ತೋಟದಲ್ಲಿ ಕಪ್ಪು ಪೈಪಿನ ತುದಿಯನ್ನು ಕುದಿಯುವ ನೀರಿಗೆ ಅದ್ದಿ ಜಾಯಿಂಟ್ ತೂರಿಸಿದವರಿಗೆ ಇದು ಗೊತ್ತು. ಪೈಪು ಮೆತ್ತಗಾಗುತ್ತದೆ, ತಣಿದ ಮೇಲೆ ಬಿಗಿಯಾಗಿ ಹಿಡಿಯುತ್ತದೆ. ಡ್ರಮ್ಮು, ಕಪ್ಪು ಪೈಪುಗಳ ಈ ಗಟ್ಟಿ ಪಾಲಿಥಿನ್ ತಯಾರಿಸುವ ದಾರಿಯನ್ನು 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ತಂಡ ಕಂಡುಹಿಡಿಯಿತು. 1963ರಲ್ಲಿ ಝೀಗ್ಲರ್‌ಗೆ ನೊಬೆಲ್ ಬಂತು.

ಬೆತ್ತದ ಕತ್ತಿ, ಡ್ರಮ್ಮಿನ ಅಂಗಿ

1966ರ ಮೇ 1ರಂದು ಅಮೆರಿಕದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ಕೆಲವು ಗೆಳೆಯರು ಸೇರಿ ಹಳೇ ಕಾಲದ ಕಾಳಗದ ಆಟ ಆಡಿದರು. ಅದರಿಂದ ಬೆಳೆದ ಸಂಘಕ್ಕೆ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ ಎಂದು ಹೆಸರು. ಅವರ ಕತ್ತಿ ಉಕ್ಕಿನದಲ್ಲ, ಬೆತ್ತದ್ದು. ಹೌದು, ನಮ್ಮ ಕಾಡಲ್ಲೂ ಬೆಳೆಯುವ, ಕುರ್ಚಿ ಹೆಣೆಯುವ ಬೆತ್ತದ ಜಾತಿಯೇ. ಬೆತ್ತ ಸಿಗಿದು ಚೂಪಾದ ಚೂರಾಗುವುದಿಲ್ಲ, ನಾರುನಾರಾಗಿ ಬಿಡುತ್ತದೆ. ಅದಕ್ಕೇ ಅದನ್ನು ಆರಿಸಿದರು.

ಆದರೆ ಪೆಟ್ಟು ನಿಜವಾದ ಪೆಟ್ಟೇ. ಉಕ್ಕಿನ ಕವಚ ಕೊಳ್ಳಲಾಗದ ಹುಡುಗರು ಹಳೇ ಡ್ರಮ್ ಕೊಯ್ದರು. ಡ್ರಮ್ಮಿನ ದುಂಡು ಎದೆಗೂ ಬೆನ್ನಿಗೂ ಹೇಗೂ ಒಗ್ಗುತ್ತದೆ. ಮೊಣಕಾಲಿಗೆ, ಮೊಣಕೈಗೆ ಬೇಕಾದ ಬಟ್ಟಲಿನ ಆಕಾರಕ್ಕೆ ತುಂಡನ್ನು ಬಿಸಿ ಮಾಡಿ, ದಪ್ಪ ಕೈಗವಸು ತೊಟ್ಟು, ಅಚ್ಚಿನ ಮೇಲೆ ಒತ್ತಿ ತಣಿಯುವ ತನಕ ಹಿಡಿಯುತ್ತಾರೆ. ಚಿಕ್ಕ ಪಟ್ಟಿಗಳಿಗೆ ತೂತು ಕೊರೆದು ದಾರದಲ್ಲಿ ಪೋಣಿಸಿದರೆ ಏಷ್ಯಾದ ಹಳೇ ಪಟ್ಟಿಕವಚದ ಮಾದರಿ ಸಿದ್ಧ. ಒಳಗೆ ಫೋಮ್ ಹಾಸುತ್ತಾರೆ. ತೂಕ ಕಡಿಮೆ, ತುಕ್ಕು ಹಿಡಿಯದು.

ಒಂದು ಜಾಗದಲ್ಲಿ ಮಾತ್ರ ಅವರು ಪ್ಲಾಸ್ಟಿಕ್ಕನ್ನು ನಂಬಲಿಲ್ಲ. ತಲೆಗೆ ಉಕ್ಕಿನ ಶಿರಸ್ತ್ರಾಣವೇ ಆಗಬೇಕು, ಒಳಗೆ ಮೆತ್ತೆ ಇರಲೇಬೇಕು ಎಂದು ನಿಯಮ ಮಾಡಿದರು.

ನೋಡಿ ಮಾಡಲು ಹೊರಡುವವರಿಗೆ ಎರಡು ಮಾತು. ಔಷಧಿ ಹೊಡೆಯಲು ತಂದ ಕ್ರಿಮಿನಾಶಕದ ಕ್ಯಾನ್, ಡ್ರಮ್ ಮುಟ್ಟಬೇಡಿ. ಪಿವಿಸಿ ಪೈಪನ್ನು ಬೆಂಕಿಯಲ್ಲಿ ಸುಡಬೇಡಿ, ಅದರ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಶ್ವಾಸಕೋಶ ಸುಡುತ್ತದೆ.

ವೇಷದ ಕವಚ, ಕಾಯುವ ಕವಚ

ಯಕ್ಷಗಾನದ ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರ ಮರದಲ್ಲಿ ಕೆತ್ತಿ, ಬೇಗಡೆ ಅಂಟಿಸಿ ಮಾಡುತ್ತಿದ್ದರು. ದೀಪದ ಬೆಳಕಿಗೆ ಅದು ಚಿನ್ನ. ಅದರ ಕೆಲಸ ಕಣ್ಣು ತುಂಬುವುದು, ಕತ್ತಿ ತಡೆಯುವುದಲ್ಲ. ರಂಗಸ್ಥಳದಲ್ಲಿ ಅದು ಸರಿ.

ರಸ್ತೆಯಲ್ಲಿ ಸರಿಯಲ್ಲ. ಇಂದು ನಾವೂ ನೀವೂ ದಿನಾ ತೊಡುವ ಕವಚ ಒಂದೇ, ಹೆಲ್ಮೆಟ್. ಹೊರಗೆ ಗಟ್ಟಿ ಪ್ಲಾಸ್ಟಿಕ್, ಒಳಗೆ ದಪ್ಪ ಥರ್ಮೊಕೋಲ್. ಪಾಯಿಸ್ ಕಂಡ ಸವಾರನ ಅಂಗಿಯ ಲೆಕ್ಕವೇ. ಬಿದ್ದಾಗ ಥರ್ಮೊಕೋಲ್ ಜಜ್ಜಿಹೋಗಿ ಪೆಟ್ಟನ್ನು ತಾನು ತಿನ್ನುತ್ತದೆ. ಅದಕ್ಕೇ ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಮತ್ತೆ ಉಪಯೋಗಕ್ಕೆ ಬಾರದು.

ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. 2021ರ ಜೂನ್ 1ರಿಂದ ದೇಶದಲ್ಲಿ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾಡುವುದೂ ಮಾರುವುದೂ ಕಾನೂನುಬಾಹಿರ. ಆದರೂ ಥರ್ಮೊಕೋಲ್ ಇಲ್ಲದ ಟೋಪಿಯಂಥ ಅರ್ಧ ಹೆಲ್ಮೆಟ್ಟುಗಳು ನಮ್ಮ ತಿರುವು ರಸ್ತೆಗಳಲ್ಲಿ ದಿನವೂ ಓಡಾಡುತ್ತಿವೆ. ಅವು ಪೊಲೀಸರಿಗೆ ತೋರಿಸುವ ವೇಷ, ಅಷ್ಟೇ.

ಆಟಕ್ಕೆ ಬೆತ್ತದಲ್ಲಿ ಹೊಡೆದುಕೊಳ್ಳುವವರು ಕೂಡ ತಲೆಯ ವಿಷಯದಲ್ಲಿ ಚೌಕಾಸಿ ಮಾಡಲಿಲ್ಲ. ಇವತ್ತು ನಿಮ್ಮ ಹೆಲ್ಮೆಟ್ ತಿರುಗಿಸಿ ಒಳಗೆ ಬೆರಳಿಂದ ಒತ್ತಿ ನೋಡಿ. ಒಳಬಟ್ಟೆಯ ಹಿಂದೆ ದಪ್ಪ ಥರ್ಮೊಕೋಲ್ ಇದ್ದರೆ ಅದು ಕವಚ. ಇಲ್ಲದಿದ್ದರೆ ಬರೀ ಬೇಗಡೆ.