ಸಿಲಿಕಾನ್ ಶೋಧಕಗಳ ಫ್ರಂಟ್-ಎಂಡ್ ಎಲೆಕ್ಟ್ರಾನಿಕ್ಸ್

ವಿದ್ಯುದಾವೇಶವುಳ್ಳ ಕಣವೊಂದು ಸಿಲಿಕಾನ್ ಬಿಲ್ಲೆಯನ್ನು ಹಾದುಹೋಗುವಾಗ ಹುಟ್ಟುವ ಅತಿ ಕ್ಷೀಣ ಸಂಕೇತವನ್ನು ಮೊದಲು ಹಿಡಿದು, ವರ್ಧಿಸಿ, ಸೋಸುವ ವಿದ್ಯುನ್ಮಂಡಲ.

ವಿನ್ಯಾಸ: ಸುಮಾರು 300 ಮೈಕ್ರೋಮೀಟರ್ ದಪ್ಪದ ಸಿಲಿಕಾನ್‌ನಲ್ಲಿ ವೇಗದ ಕಣವೊಂದು ಬಿಡಿಸುವುದು ಇಪ್ಪತ್ತು ಸಾವಿರ ಚಿಲ್ಲರೆ ಎಲೆಕ್ಟ್ರಾನ್‌ಗಳನ್ನಷ್ಟೆ. ತಂತಿ ಉದ್ದವಾದಷ್ಟೂ ಧಾರಕತೆ ಹೆಚ್ಚಿ ಗದ್ದಲ ಬೆಳೆಯುವುದರಿಂದ ಆವೇಶವರ್ಧಕವನ್ನು ಬಿಲ್ಲೆಯ ಪಕ್ಕದಲ್ಲೇ ಕೂರಿಸುತ್ತಾರೆ. ಅದರ ಮುಂದಿನ ಮಂಡಲ ಸ್ಪಂದದ ಆಕಾರವನ್ನು ತಿದ್ದುತ್ತದೆ. ಈ ತಿದ್ದುವಿಕೆಗೆ ಹೆಚ್ಚು ಕಾಲ ಕೊಟ್ಟರೆ ಸೋರಿಕೆ ವಿದ್ಯುತ್ತಿನ ಗದ್ದಲವೂ ಕಡಿಮೆ ಕೊಟ್ಟರೆ ವರ್ಧಕದ ಗದ್ದಲವೂ ಮೇಲುಗೈ ಪಡೆಯುತ್ತವೆ. ವೇಗ, ವಿದ್ಯುತ್ ಬಳಕೆ, ವಿಕಿರಣ ತಾಳಿಕೆಗಳನ್ನೂ ಜೊತೆಗೆ ತೂಗಿಸಬೇಕು.

ಕರ್ನಾಟಕದಲ್ಲಿ: ಜಿನೀವಾ ಬಳಿಯ ಸರ್ನ್‌ನ ಸಿಎಂಎಸ್ ಪ್ರಯೋಗದ ಪ್ರೀಶವರ್ ಭಾಗಕ್ಕಾಗಿ ಸುಮಾರು 1000 ಸಿಲಿಕಾನ್ ಪಟ್ಟಿ ಶೋಧಕಗಳನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಸಹಯೋಗದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ಸುಮಾರು 63 ಮಿ.ಮೀ. ಚದರದ ಪ್ರತಿ ಬಿಲ್ಲೆಯಲ್ಲಿ 32 ಪಟ್ಟಿಗಳಿವೆ. ಅವನ್ನು ಓದುವ ಪೇಸ್-3 ಚಿಪ್‌ನಲ್ಲಿಯೂ 32 ವಾಹಿನಿಗಳು. 0.25 ಮೈಕ್ರೋಮೀಟರ್ ಸಿಮಾಸ್ ತಂತ್ರಜ್ಞಾನದ ಈ ಚಿಪ್ ಸೆಕೆಂಡಿಗೆ 4 ಕೋಟಿ ಬಾರಿ ಸಂಕೇತವನ್ನು ಅಳೆದು ಅನಲಾಗ್ ಸ್ಮೃತಿಯಲ್ಲಿ ಇಡುತ್ತದೆ. ಪ್ರೀಶವರ್ ಅನ್ನು 2009ರಲ್ಲಿ ಸಿಎಂಎಸ್‌ಗೆ ಜೋಡಿಸಲಾಯಿತು.